ಮಗುವಿನ ರಾಗಿ ಸರಿ: ಕಾಯಿಸಿದ ಮೇಲಿನ ಎಚ್ಚರ

ಆರು ತಿಂಗಳು ತುಂಬುವವರೆಗೆ ಮಗುವಿಗೆ ತಾಯಿಯ ಹಾಲೊಂದೇ ಸಾಕು. ನೀರು ಕೂಡ ಬೇಕಿಲ್ಲ. ಅನಂತರ ಎದೆಹಾಲಿನ ಜೊತೆಗೆ ನಮ್ಮ ಕಪಿಲಾ ತೀರದ ಮನೆಗಳಲ್ಲಿ ಮೊದಲು ಒಲೆಯೇರುವುದು ರಾಗಿ ಸರಿ. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹದವಾಗಿ ಹುರಿದು, ಬೀಸಿ, ತೆಳುಬಟ್ಟೆಯಲ್ಲಿ ಸೋಸುವ ಅಜ್ಜಿಯರ ಕ್ರಮವನ್ನು ಇಂದಿನ ಆಹಾರ ವಿಜ್ಞಾನವೂ ಮೆಚ್ಚುತ್ತದೆ. ಮೊಳಕೆಯಲ್ಲಿ ಹುಟ್ಟುವ ಕಿಣ್ವವು ಪಿಷ್ಟವನ್ನು ಒಡೆಯುವುದರಿಂದ ಹಿಟ್ಟು ತುಸು ಹೆಚ್ಚು ಹಾಕಿದರೂ ಸರಿ ತೀರ ಗಟ್ಟಿಯಾಗದು. ಪುಟ್ಟ ಹೊಟ್ಟೆಗೆ ಹೆಚ್ಚು ಶಕ್ತಿ ಸೇರುತ್ತದೆ.

ತೊಂದರೆ ಆರಂಭವಾಗುವುದು ಕಾಯಿಸಿದ ಮೇಲೆ. ಹೊಲಕ್ಕೋ ನಂಜನಗೂಡಿನ ಕಾರ್ಖಾನೆಗೋ ಹೊರಡುವ ತಾಯಿ ಮುಂಜಾನೆಯೇ ಸರಿ ಕಾಯಿಸಿ ಫ್ಲಾಸ್ಕಿಗೆ ತುಂಬಿ, "ಹಸಿದಾಗ ಕುಡಿಸಿ ಅತ್ತೆ" ಎಂದು ಹೇಳಿ ಹೋಗುತ್ತಾಳೆ. ಅಕ್ಕರೆಯಿಂದ ಮಾಡಿದ ಈ ಏರ್ಪಾಡೇ ಅಪಾಯದ್ದು. ಮಣ್ಣಿನಿಂದ ಧಾನ್ಯಕ್ಕೆ ಅಂಟಿ ಬರುವ ಕೆಲವು ಬ್ಯಾಕ್ಟೀರಿಯಾಗಳ ಬೀಜಾಣುಗಳು ಕುದಿತದಲ್ಲಿಯೂ ಸಾಯುವುದಿಲ್ಲ. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವಿನ ಬಿಸುಪು ರೋಗಾಣುಗಳ ಬೆಳವಣಿಗೆಗೆ ಅನುಕೂಲ. ಹೊತ್ತು ಕಳೆದಂತೆ ಫ್ಲಾಸ್ಕಿನ ಸರಿ ಇಳಿಯುವುದು ಆ ಬಿಸುಪಿಗೇ. ಅವು ಉಗುಳಿದ ಕೆಲವು ವಿಷಗಳು ಮತ್ತೆ ಕಾಯಿಸಿದರೂ ನಾಶವಾಗುವುದಿಲ್ಲ. ಹುಳಿವಾಸನೆ ಬರಲೇಬೇಕೆಂದೂ ಇಲ್ಲ.

ಆದುದರಿಂದ ಅತ್ತೆಯ ಕೈಗೆ ಕೊಡಬೇಕಾದದ್ದು ಹಿಟ್ಟಿನ ಡಬ್ಬಿ. ತೇವವಿಲ್ಲದ ಸ್ಟೀಲ್ ಡಬ್ಬಿ, ಒಣ ಚಮಚ. ಮುಗ್ಗಲು ವಾಸನೆ ಬಂದರೆ ಎಲ್ಲವನ್ನೂ ಚೆಲ್ಲಬೇಕು. ಮಗು ಹಸಿದಾಗ ಸಾಬೂನಿನಿಂದ ಕೈ ತೊಳೆದು, ಎರಡು ಚಮಚ ಹಿಟ್ಟನ್ನು ನೀರಿನಲ್ಲಿ ಕದಡಿ ಚೆನ್ನಾಗಿ ಕುದಿಸಿದರಾಯಿತು. ಕಾಯಿಸಿದ ಸರಿ ಹೊರಗೆ ಎರಡು ಗಂಟೆ ಮೀರಬಾರದು, ಕಡುಬೇಸಗೆಯಲ್ಲಿ ಒಂದೇ ಗಂಟೆ. ಫ್ರಿಜ್ ಇರುವವರು ಒಂದೊಂದು ಹೊತ್ತಿನಷ್ಟನ್ನು ಬೇರೆ ಬೇರೆ ಚಿಕ್ಕ ಡಬ್ಬಿಗಳಲ್ಲಿ ಬೇಗ ತಣಿಸಿ ಇಟ್ಟು, 24 ಗಂಟೆಯೊಳಗೆ, ಒಮ್ಮೆ ಮಾತ್ರ ಕುದಿಸಿ ಬಳಸಬಹುದು. ದೀರ್ಘಕಾಲ ಕರೆಂಟು ಹೋದ ದಿನ ಅದನ್ನು ನಂಬಬೇಡಿ.

ಮಗು ಬಿಟ್ಟದ್ದನ್ನು ಮುಂದಿನ ಹೊತ್ತಿಗೆ ಎತ್ತಿಡುವುದು ಇನ್ನೊಂದು ಅಭ್ಯಾಸ. ಚಮಚದೊಡನೆ ಬಟ್ಟಲಿಗೆ ಇಳಿದ ಜೊಲ್ಲು ಬ್ಯಾಕ್ಟೀರಿಯಾವನ್ನೂ ಇಳಿಸಿರುತ್ತದೆ. ಅನ್ನ ಚೆಲ್ಲಬಾರದೆಂಬ ನಮ್ಮ ಮನೆಗಳ ನಿಷ್ಠೆ ದೊಡ್ಡದು, ಅದನ್ನು ಬಿಡಿರೆಂದು ನಾವು ಹೇಳಲಾರೆವು. ಕಾಯಿಸುವಾಗಲೇ ಅಳತೆ ಕಡಿಮೆ ಇರಲಿ. ಉಳಿದದ್ದನ್ನು ಮನೆಯ ದೊಡ್ಡವರು ಆಗಲೇ ಕುಡಿದುಬಿಡಲಿ.

ಸುತ್ತೂರು ಜಾತ್ರೆಗೆ ಕಂಕುಳಲ್ಲಿ ಕೂಸನ್ನೆತ್ತಿಕೊಂಡು ಬರುವವರು ಮನೆಯಿಂದ ಸರಿ ಕಾಯಿಸಿ ತರದಿರುವುದು ಲೇಸು. ಎದೆಹಾಲು ಇದ್ದೇ ಇದೆ. ನಂಜನಗೂಡಿನ ರಸಬಾಳೆ ಸಿಕ್ಕರೆ ಭಾಗ್ಯ, ಸಿಗದಿದ್ದರೆ ಯಾವ ಮಾಗಿದ ಬಾಳೆಯಾದರೂ ಆದೀತು. ತೊಳೆದ ಕೈಯಿಂದ ಸಿಪ್ಪೆ ಸುಲಿದು, ಕಿವುಚಿ, ಅಲ್ಲೇ ತಿನ್ನಿಸಬಹುದು. ಒಂದು ವರ್ಷ ತುಂಬದ ಮಗುವಿನ ನಾಲಿಗೆಗೆ ಪಂಚಾಮೃತವನ್ನು ಮಾತ್ರ ಸೋಕಿಸಬೇಡಿ. ಅದರಲ್ಲಿನ ಜೇನುತುಪ್ಪದಿಂದ ಎಳೆಯ ಕರುಳಿನಲ್ಲಿ ಬಾಟ್ಯುಲಿಸಂ ಎಂಬ, ಸ್ನಾಯುಗಳನ್ನು ನಿಸ್ಸತ್ವಗೊಳಿಸುವ ಕಾಯಿಲೆ ಹುಟ್ಟಬಹುದು. ಅಂಥ ಕೂಸಿಗೆ ಹಣೆಯ ವಿಭೂತಿ ಸಾಕು.

ಇಷ್ಟಾಗಿಯೂ ಮಗುವಿಗೆ ಭೇದಿಯಾದರೆ ಎದೆಹಾಲು ನಿಲ್ಲಿಸದೆ, ಕುದಿಸಿ ಆರಿಸಿದ ನೀರಿನಲ್ಲಿ ಓಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ಬರೆದ ಅಳತೆಯಂತೆ ಕರಗಿಸಿ ಗುಟುಕು ಗುಟುಕಾಗಿ ಕುಡಿಸಿರಿ. ಕಣ್ಣು ಗುಳಿಬಿದ್ದರೆ, ಮೂತ್ರ ಕಡಿಮೆಯಾದರೆ, ಮಲದಲ್ಲಿ ರಕ್ತ ಕಂಡರೆ ಅಥವಾ ಮಗು ಮಂಕಾಗಿ ಏನನ್ನೂ ಕುಡಿಯದಿದ್ದರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.