ಮೂರು ಬಣ್ಣದ ಬಳ್ಳಿ

ನಮ್ಮ ಅಂಗಳದ ರಂಗೂನ್ ಕ್ರೀಪರ್ ತಂಗಿಯ ಕೈಗೆ ಚುಚ್ಚಿದಾಗ, ಅದನ್ನು ಕಿತ್ತುಹಾಕಬೇಕೆಂದು ಹಟ ಹಿಡಿದವನು ನಾನೇ. "ಹೂ ಬಿಡುವವರೆಗೆ ತಾಳು" ಎಂದರು ಉಮ್ಮ.

ಚೈನೀಸ್ ಹನಿಸಕಲ್ ಎಂದೂ ಹೆಸರಿರುವ ಈ ಬಳ್ಳಿಯ ಮುಳ್ಳು ನಿಜವಾಗಿ ಉದುರಿದ ಎಲೆಯ ತೊಟ್ಟು. ಅದು ಗಟ್ಟಿಯಾಗಿ ಉಳಿದು, ಮೇಲೆ ಹತ್ತಲು ಕೊಕ್ಕೆಯಾಗುತ್ತದೆ. ಹೂ ಸಂಜೆ ಬಿಳಿಯಾಗಿ ಅರಳಿ, ಪರಿಮಳದಿಂದ ರಾತ್ರಿಯ ಪತಂಗಗಳನ್ನು ಕರೆಯುತ್ತದೆ. ಮರುದಿನ ಗುಲಾಬಿ, ಮೂರನೆಯ ದಿನ ಕೆಂಪು. ಆಗ ಜೇನುನೊಣ, ಚಿಟ್ಟೆಗಳ ಸರದಿ.

ಬೆಳೆಸಲು ಒಳ್ಳೆಯ ಬಿಸಿಲು, ನೀರು ನಿಲ್ಲದ ಮಣ್ಣು, ಗಟ್ಟಿ ಚಪ್ಪರ ಬೇಕು. ಹೊಸ ಚಿಗುರಿನಲ್ಲೇ ಹೂ ಬಿಡುವುದರಿಂದ, ಹೂ ಮುಗಿದ ಮೇಲೆ ಸವರಬೇಕು.

ಈಗ ಬಳ್ಳಿಯನ್ನು ನಡೆದಾಡುವ ದಾರಿಯಿಂದ ದೂರ ಹಬ್ಬಿಸಿದ್ದೇವೆ. ಮಗ್ರಿಬ್ ನಮಾಝ್ ಮುಗಿಸಿ ಅಂಗಳಕ್ಕೆ ಬಂದಾಗ, ಇಂದು ಅರಳಿದ ಬಿಳಿ ಹೂಗಳನ್ನು ಮೊದಲು ಎಣಿಸುವವಳು ತಂಗಿಯೇ.