ಲೊಕ್ಕನಹಳ್ಳಿಯಿಂದ ಕೊಳ್ಳೇಗಾಲಕ್ಕೆ: ಎಲೆಕ್ಟ್ರಿಕ್ ಸ್ಕೂಟರ್ ಕೊಳ್ಳುವ ಮುನ್ನ ಮನೆಯಲ್ಲಿ ಹಾಕಬೇಕಾದ ಲೆಕ್ಕ

ಹನೂರು ತಾಲ್ಲೂಕಿನ ಲೊಕ್ಕನಹಳ್ಳಿಯಲ್ಲಿ ಮನೆ, ಕೊಳ್ಳೇಗಾಲದಲ್ಲಿ ಅಂಗಡಿ ಅಥವಾ ಕೆಲಸ ಇರುವವರು ಹೋಗಿ ಬರುವ ದಾರಿ, ಊರೊಳಗಿನ ಓಡಾಟ ಎಲ್ಲ ಸೇರಿಸಿ ದಿನಕ್ಕೆ 50ರಿಂದ 60 ಕಿ.ಮೀ. ಎಂದು ಲೆಕ್ಕ ಹಿಡಿಯಬೇಕು. ಯಳಂದೂರಿನಲ್ಲೇ ಮನೆಯೂ ಅಂಗಡಿಯೂ ಇರುವ ಹಿರಿಯರಿಗೆ ದಿನಕ್ಕೆ ಐದಾರು ಕಿ.ಮೀ. ಆದರೆ ಹೆಚ್ಚು. ಬೆಂಗಳೂರಿನ ಫ್ಲ್ಯಾಟಿನಲ್ಲಿರುವ ಮಗನಿಗೆ ದೂರದ ಚಿಂತೆಗಿಂತ ಚಾರ್ಜ್ ಹಾಕುವ ಜಾಗದ ಚಿಂತೆಯೇ ದೊಡ್ಡದು. ಈ ಮೂವರೂ ಒಂದೇ ಜಾಹೀರಾತು ನೋಡಿ ಒಂದೇ ಸ್ಕೂಟರ್ ಕೊಂಡರೆ ಇಬ್ಬರ ದುಡ್ಡಾದರೂ ದಂಡವಾಗುತ್ತದೆ. ಒಂದು ಲಕ್ಷ ರೂಪಾಯಿಯ ಆಸುಪಾಸಿನ ವಸ್ತು, ಅದೂ ಐದಾರು ವರ್ಷ ಮನೆಯಲ್ಲಿರಬೇಕಾದದ್ದು. ಆದ್ದರಿಂದ ಕಂಪನಿಯ ಹೆಸರಿಗಿಂತ ಮೊದಲು ನಮ್ಮ ಓಡಾಟ ಎಷ್ಟು ಎಂಬುದನ್ನು ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಎಲ್ಲಕ್ಕೂ ಮೂಲ ಬ್ಯಾಟರಿ. ಅದರ ಗಾತ್ರವನ್ನು ಕಿಲೋವಾಟ್ ಅವರ್ ಎಂದು ಬರೆದಿರುತ್ತಾರೆ. ಹೆಸರು ಕೇಳಿ ಗಾಬರಿಯಾಗಬೇಕಿಲ್ಲ. ಒಂದು ಕಿಲೋವಾಟ್ ಅವರ್ ಎಂದರೆ ಮನೆಯ ಕರೆಂಟ್ ಮೀಟರಿನ ಒಂದು ಯೂನಿಟ್, ಅಷ್ಟೇ. 3 ಕಿಲೋವಾಟ್ ಅವರ್ ಬ್ಯಾಟರಿ ಎಂದರೆ ಮೂರು ಯೂನಿಟ್ ಕರೆಂಟ್ ಹಿಡಿಯುವ ಡಬ್ಬಿ. ಚಾರ್ಜ್ ಆಗುವಾಗ ಸ್ವಲ್ಪ ಶಾಖವಾಗಿ ಹೋಗುವುದರಿಂದ ಅದನ್ನು ಪೂರ್ತಿ ತುಂಬಲು ಮೀಟರಿನಲ್ಲಿ ಸುಮಾರು ಮೂರೂವರೆ ಯೂನಿಟ್ ಓಡಬಹುದು.

ಜಾಹೀರಾತಿನಲ್ಲಿ ಬರುವ ಮೈಲೇಜ್ ಸಾಮಾನ್ಯವಾಗಿ ಐಡಿಸಿ ಎಂಬ ಪರೀಕ್ಷೆಯದು. ಪ್ರಯೋಗಾಲಯದಲ್ಲಿ ನಿಗದಿತ ವೇಗದಲ್ಲಿ ಓಡಿಸಿ ತೆಗೆದ ಲೆಕ್ಕ. ರಸ್ತೆಯಲ್ಲಿ ಹಿಂದೆ ಒಬ್ಬರನ್ನು ಕೂರಿಸಿಕೊಂಡು, ಕಾಲಿನ ಬಳಿ ಒಂದು ಚೀಲ ಇಟ್ಟುಕೊಂಡು ಹೋಗುವಾಗ ಅದರ ಮುಕ್ಕಾಲು ಭಾಗ ಸಿಕ್ಕರೆ ಸಮಾಧಾನ. 3 ಯೂನಿಟ್ ಬ್ಯಾಟರಿಯಿಂದ 80ರಿಂದ 95 ಕಿ.ಮೀ. ಎಂದು ಇಟ್ಟುಕೊಳ್ಳಬಹುದು. ವೇಗ ಹೆಚ್ಚಿದಂತೆ ಗಾಳಿಯ ತಡೆ ಹೆಚ್ಚಿ ಚಾರ್ಜ್ ಬೇಗ ಇಳಿಯುತ್ತದೆ. ಸೂರ್ಯಾಸ್ತದೊಳಗೆ ಮನೆ ಸೇರಿ ಊಟ ಮುಗಿಸುವ ರೂಢಿ ಇರುವ ಮನೆಯವರಿಗೆ ಸಂಜೆಯ ಸವಾರಿ ಯಾವಾಗಲೂ ಅವಸರದ್ದೇ. ಬೆಳಿಗ್ಗೆ ನಿಧಾನವಾಗಿ ಹೋದಾಗ ಉಳಿದಷ್ಟು ಚಾರ್ಜ್ ಸಂಜೆ ಬರುವಾಗ ಉಳಿಯದೇ ಇದ್ದರೆ ಅದು ಸ್ಕೂಟರಿನ ದೋಷವಲ್ಲ.

ಲೊಕ್ಕನಹಳ್ಳಿಯ ಕಡೆಯವರು ಇನ್ನೊಂದು ಲೆಕ್ಕವನ್ನೂ ಸೇರಿಸಬೇಕು, ಏರು ದಾರಿಯದು. ಸ್ಕೂಟರ್, ಇಬ್ಬರು ಸವಾರರು ಸೇರಿ ಸುಮಾರು 240 ಕೆ.ಜಿ. ತೂಕವನ್ನು 100 ಮೀಟರ್ ಎತ್ತರಕ್ಕೆ ಏರಿಸಲು ಬೇಕಾಗುವ ಶಕ್ತಿ, ಸಮತಟ್ಟಾದ ರಸ್ತೆಯಲ್ಲಿ ಎರಡೂವರೆ ಕಿ.ಮೀ. ಓಡಿದ್ದಕ್ಕೆ ಸಮ. ಬಿಳಿಗಿರಿರಂಗನ ಬೆಟ್ಟಕ್ಕೋ ತಾಳಬೆಟ್ಟ ಹತ್ತಿ ಮಲೆ ಮಹದೇಶ್ವರ ಬೆಟ್ಟಕ್ಕೋ ಹೋಗುವಾಗ ಹತ್ತಾರು ಕಿ.ಮೀ.ಗಳಷ್ಟು ಚಾರ್ಜ್ ಬರೀ ಏರಿಗೇ ಹೋಗುತ್ತದೆ. ಇಳಿಯುವಾಗ ಬ್ರೇಕ್ ಹಿಡಿದಷ್ಟೂ ಸ್ವಲ್ಪ ಚಾರ್ಜ್ ಹಿಂದಿರುಗುತ್ತದೆ ಎಂಬುದು ನಿಜ. ಆದರೆ ಹೋದದ್ದೆಲ್ಲ ಬರುವುದಿಲ್ಲ. ಬ್ಯಾಟರಿ ಪೂರ್ತಿ ತುಂಬಿದ್ದಾಗ ಇಳಿಜಾರಿನಲ್ಲಿ ಈ ಸೌಲಭ್ಯ ಕೆಲಸವನ್ನೇ ಮಾಡುವುದಿಲ್ಲ, ಆಗ ಕೈ ಬ್ರೇಕನ್ನೇ ನಂಬಬೇಕು. ಬೆಟ್ಟದ ಮೇಲೆ ಪೂರ್ತಿ ಚಾರ್ಜ್ ಮಾಡಿಕೊಂಡು ಇಳಿಯುವವರು ಇದನ್ನು ನೆನಪಿಡಬೇಕು.

ಇಲ್ಲಿ ಚಾರ್ಜ್ ಮುಗಿಯುವುದೆಂದರೆ ಬೆಂಗಳೂರಿನ ರಿಂಗ್ ರಸ್ತೆಯಲ್ಲಿ ಮುಗಿದ ಹಾಗಲ್ಲ. ಲೊಕ್ಕನಹಳ್ಳಿಯಿಂದ ಒಡೆಯರಪಾಳ್ಯದ ಕಡೆಗೆ ತಿರುಗಿದರೆ ಕಾಡಿನ ದಾರಿ, ಆನೆ ಓಡಾಡುವ ಜಾಗ. ಪೆಟ್ರೋಲ್ ಮುಗಿದರೆ ಯಾರದಾದರೂ ಬೈಕಿನಲ್ಲಿ ಬಾಟಲಿ ತರಿಸಬಹುದು, ಕರೆಂಟನ್ನು ಬಾಟಲಿಯಲ್ಲಿ ತರಲಾಗದು. ಹಾಗಾಗಿ ಈ ಭಾಗದವರು ದಿನದ ಓಡಾಟದ ಒಂದೂವರೆ ಪಟ್ಟು ನಿಜವಾಗಿ ಓಡುವ ಸ್ಕೂಟರನ್ನು ಆರಿಸಬೇಕು. ದಿನಕ್ಕೆ 55 ಕಿ.ಮೀ. ಇದ್ದರೆ ರಸ್ತೆಯಲ್ಲಿ 80 ಕಿ.ಮೀ.ಗೂ ಹೆಚ್ಚು ಕೊಡುವಂಥದ್ದು, ಅಂದರೆ ಕನಿಷ್ಠ 3 ಯೂನಿಟ್ ಬ್ಯಾಟರಿ. ವರ್ಷಗಳು ಕಳೆದಂತೆ ಬ್ಯಾಟರಿಯ ಶಕ್ತಿ ಕುಗ್ಗುತ್ತದೆ. ಹೊಸದರಲ್ಲಿ 90 ಕಿ.ಮೀ. ಓಡಿದ್ದು ಐದಾರು ವರ್ಷಕ್ಕೆ 70ಕ್ಕೆ ಇಳಿದರೂ ಕೊಳ್ಳೇಗಾಲಕ್ಕೆ ಹೋಗಿ ಬರುವಂತಿರಬೇಕು. 2 ಯೂನಿಟ್ಟಿನದು ಇಪ್ಪತ್ತು ಸಾವಿರ ಕಡಿಮೆಗೆ ಸಿಗುತ್ತದೆ ಎಂದು ತಂದರೆ, ಎರಡನೇ ವರ್ಷದಿಂದಲೇ ಮಧ್ಯಾಹ್ನ ಅಂಗಡಿಯಲ್ಲಿ ಚಾರ್ಜ್ ಹಾಕುವ ಪರದಾಟ ಶುರುವಾದೀತು. ಅಂಗಡಿಯಲ್ಲಿ ಪ್ಲಗ್ ಇದ್ದೇ ಇದೆ, ಬಾಗಿಲ ಮುಂದೆಯೇ ನಿಲ್ಲಿಸುತ್ತೇವೆ ಎನ್ನುವವರಿಗೆ ಆ ಮಾತು ಅನ್ವಯಿಸುವುದಿಲ್ಲ. ಅವರಿಗೆ ಚಿಕ್ಕ ಬ್ಯಾಟರಿಯೇ ಲಾಭ.

ಕನಕಗಿರಿ ಕ್ಷೇತ್ರದ ದರ್ಶನಕ್ಕೆ ಇದರಲ್ಲೇ ಹೋಗಿ ಬರಬಹುದೇ ಎಂದು ಕೇಳುವವರೂ ಇದ್ದಾರೆ. ಲೊಕ್ಕನಹಳ್ಳಿಯಿಂದ ಯಳಂದೂರು, ಚಾಮರಾಜನಗರ ದಾಟಿ ಮಲೆಯೂರಿಗೆ ಹೋಗಬೇಕು. ದಾರಿಯಲ್ಲಿ ನಂಟರ ಮನೆಯಲ್ಲೋ ಚಾರ್ಜಿಂಗ್ ಕೇಂದ್ರದಲ್ಲೋ ನಿಲ್ಲದೆ ಹೋಗಿ ಬರುವುದು 3 ಯೂನಿಟ್ ಬ್ಯಾಟರಿಗೆ ಆಗದ ಮಾತು. ವರ್ಷಕ್ಕೆ ಎರಡು ಸಲದ ಅಂಥ ಪ್ರಯಾಣಕ್ಕಾಗಿ 5 ಯೂನಿಟ್ಟಿನ ದುಬಾರಿ ಸ್ಕೂಟರ್ ಕೊಳ್ಳುವುದಕ್ಕಿಂತ ಬಸ್ಸು ಹತ್ತುವುದೇ ಮೇಲು.

ಇನ್ನು ದುಡ್ಡಿನ ವಿಚಾರ. ಪೆಟ್ರೋಲ್ ಸ್ಕೂಟರ್ ಲೀಟರಿಗೆ 45 ಕಿ.ಮೀ. ಕೊಟ್ಟರೆ, ಲೀಟರಿಗೆ ನೂರು ರೂಪಾಯಿ ಮೀರಿದ ಬೆಲೆಯಲ್ಲಿ ಕಿ.ಮೀ.ಗೆ 2 ರೂಪಾಯಿ 25 ಪೈಸೆಯಷ್ಟು ಖರ್ಚು. ಎಲೆಕ್ಟ್ರಿಕ್ ಸ್ಕೂಟರಿಗೆ ಮೀಟರಿನಲ್ಲಿ 25 ಕಿ.ಮೀ.ಗೆ ಒಂದು ಯೂನಿಟ್ ಎಂದು ಹಿಡಿದು, ಯೂನಿಟ್ಟಿಗೆ 6 ರೂಪಾಯಿ ಕೊಟ್ಟರೂ ಕಿ.ಮೀ.ಗೆ 25 ಪೈಸೆ. ಅಂದರೆ ಕಿ.ಮೀ.ಗೆ ಎರಡು ರೂಪಾಯಿ ಉಳಿತಾಯ. ಪೆಟ್ರೋಲ್ ಸ್ಕೂಟರಿಗಿಂತ 30,000 ರೂ. ಹೆಚ್ಚು ಕೊಟ್ಟು ತಂದಿದ್ದಾರೆ ಎಂದುಕೊಳ್ಳೋಣ. ದಿನಕ್ಕೆ 50 ಕಿ.ಮೀ.ನಂತೆ ತಿಂಗಳಿಗೆ 26 ದಿನ ಓಡಿಸುವವರಿಗೆ ತಿಂಗಳಿಗೆ 2,600 ರೂ. ಉಳಿದು ಒಂದು ವರ್ಷದೊಳಗೇ ಆ ಹಣ ಹಿಂದಿರುಗುತ್ತದೆ. ಯಳಂದೂರಿನಲ್ಲಿ ದಿನಕ್ಕೆ 6 ಕಿ.ಮೀ. ಓಡಿಸುವ ಹಿರಿಯರಿಗೆ ತಿಂಗಳಿಗೆ ಉಳಿಯುವುದು 312 ರೂ., ಹಣ ಹಿಂದಿರುಗಲು ಎಂಟು ವರ್ಷ ಬೇಕು. ಅಷ್ಟರಲ್ಲಿ ಬ್ಯಾಟರಿಗೇ ವಯಸ್ಸಾಗಿರುತ್ತದೆ. ಮನೆಯಲ್ಲಿ ಚೆನ್ನಾಗಿ ಓಡುವ ಪೆಟ್ರೋಲ್ ಸ್ಕೂಟರ್ ಇದ್ದರೆ ಅಂಥವರು ಅದನ್ನೇ ಓಡಿಸಿಕೊಂಡಿರುವುದರಲ್ಲಿ ತಪ್ಪಿಲ್ಲ. ಹೊಗೆ ಬೇಡ, ಕಿಕ್ಕರ್ ತುಳಿಯಲು ಕಾಲಿಗೆ ಶಕ್ತಿಯಿಲ್ಲ, ಸದ್ದು ಬೇಡ ಎಂಬ ಕಾರಣಕ್ಕೆ ಕೊಳ್ಳುವುದಾದರೆ ಅದು ಬೇರೆ ಮಾತು.

ಕರೆಂಟ್ ಬಿಲ್ಲಿನಲ್ಲಿ ಒಂದು ಮರೆಯಾದ ಅಂಶವಿದೆ. ಗೃಹಜ್ಯೋತಿ ಯೋಜನೆಯಲ್ಲಿ ಮನೆಯ ಹಿಂದಿನ ಸರಾಸರಿ ಬಳಕೆಗೆ ಸ್ವಲ್ಪ ಸೇರಿಸಿ ಉಚಿತ ಯೂನಿಟ್ ನಿಗದಿ ಮಾಡಿರುತ್ತಾರೆ. ಅದನ್ನು ಮೀರಿದ್ದಕ್ಕೆ ಹಣ ಕಟ್ಟಬೇಕು, ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಆ ತಿಂಗಳ ಪೂರ್ತಿ ಬಿಲ್ಲನ್ನೇ ಕಟ್ಟಬೇಕು. ತಿಂಗಳಿಗೆ 1,300 ಕಿ.ಮೀ. ಓಡುವ ಸ್ಕೂಟರ್ 50 ಯೂನಿಟ್ಟಿಗೂ ತುಸು ಹೆಚ್ಚು ಎಳೆಯುತ್ತದೆ. ಈಗ 90 ಯೂನಿಟ್ ಬಳಸುವ ಮನೆಗೆ ಇದು ಭಾರವಲ್ಲ. 160 ಯೂನಿಟ್ ಬಳಸುವ ಮನೆ ಇದರಿಂದ 200 ದಾಟುತ್ತದೆ, ಆಗ ಸ್ಕೂಟರಿನ ಖರ್ಚು ಕಿ.ಮೀ.ಗೆ 25 ಪೈಸೆ ಎಂಬ ಲೆಕ್ಕ ಕೆಡುತ್ತದೆ. ಸೆಸ್ಕ್‌ನ ಹಳೆಯ ಬಿಲ್ಲುಗಳನ್ನು ಹುಡುಕಿ ಬೇಸಿಗೆಯ ತಿಂಗಳುಗಳ ಯೂನಿಟ್ ನೋಡಿಕೊಂಡು ಷೋರೂಮಿಗೆ ಹೋಗುವುದು ಜಾಣತನ.

ಹಳೆಯ ತೊಟ್ಟಿ ಮನೆಗಳಲ್ಲಿ ವೈರಿಂಗ್ ಕೂಡ ನೋಡಬೇಕು. ಚಾರ್ಜರಿಗೆ ದೊಡ್ಡ ಮೂರು ಪಿನ್ನಿನ 16 ಆಂಪಿಯರ್ ಪ್ಲಗ್ ಬೇಕು, ಸರಿಯಾದ ಅರ್ಥಿಂಗ್ ಬೇಕು. ಅರ್ಥಿಂಗ್ ಇಲ್ಲದಿದ್ದರೆ ಕೆಲವು ಚಾರ್ಜರುಗಳು ಕೆಲಸವನ್ನೇ ಮಾಡುವುದಿಲ್ಲ, ಜನ ಅದನ್ನು ಗಾಡಿ ಕೆಟ್ಟಿದೆ ಎಂದು ತಿಳಿಯುತ್ತಾರೆ. ಕಿಟಕಿಯಿಂದ ಎಕ್ಸ್‌ಟೆನ್ಷನ್ ವೈರ್ ಎಳೆದು ಮಳೆಯಲ್ಲಿ ಚಾರ್ಜ್ ಹಾಕುವುದು ಬೇಡವೇ ಬೇಡ. ಬಿಸಿಲಲ್ಲಿ ದೂರ ಓಡಿಸಿ ಬಂದ ಕೂಡಲೇ ಪ್ಲಗ್ ಸಿಕ್ಕಿಸದೆ ಅರ್ಧ ಗಂಟೆ ನೆರಳಲ್ಲಿ ನಿಲ್ಲಿಸಬೇಕು.

2022ರ ಬೇಸಿಗೆಯಲ್ಲಿ ದೇಶದ ಹಲವೆಡೆ ಎಲೆಕ್ಟ್ರಿಕ್ ಸ್ಕೂಟರುಗಳಿಗೆ ಬೆಂಕಿ ಬಿದ್ದದ್ದು ಅನೇಕರ ಮನಸ್ಸಿನಲ್ಲಿ ಉಳಿದಿದೆ. ಆ ಬಳಿಕ ಕೇಂದ್ರ ಸರ್ಕಾರ ಎಐಎಸ್ 156 ಎಂಬ ಬ್ಯಾಟರಿ ಸುರಕ್ಷತಾ ನಿಯಮವನ್ನು ಬಿಗಿಗೊಳಿಸಿ 2022ರ ಡಿಸೆಂಬರ್ ಮತ್ತು 2023ರ ಮಾರ್ಚ್ ಕೊನೆಯಿಂದ ಎರಡು ಹಂತದಲ್ಲಿ ಜಾರಿಗೆ ತಂದಿತು. ಸೆಕೆಂಡ್ ಹ್ಯಾಂಡ್ ಸ್ಕೂಟರ್ ನೋಡುವವರು 2023ರ ಏಪ್ರಿಲ್ ನಂತರ ತಯಾರಾದದ್ದೇ ಎಂದು ಆರ್‌ಸಿಯಲ್ಲಿ ಖಚಿತಪಡಿಸಿಕೊಂಡರೆ ಅರ್ಧ ಆತಂಕ ಕಳೆದಂತೆ. ಬ್ಯಾಟರಿಗೆ ಐಪಿ67 ಗುರುತು ಇದೆಯೇ ಎಂಬುದನ್ನೂ ನೋಡಬೇಕು. ಕಾರ್ಕಳ, ಮೂಡುಬಿದಿರೆಯ ಮಳೆಯಲ್ಲಿ ಓಡಿಸುವ ಕುಟುಂಬಗಳಿಗೆ ಇದು ಇನ್ನೂ ಮುಖ್ಯ.

ಅತಿ ಅಗ್ಗದ ಸ್ಕೂಟರುಗಳ ಬಗ್ಗೆ ಎಚ್ಚರದ ಮಾತು. ಮೋಟಾರ್ 250 ವಾಟ್ ಒಳಗೆ, ವೇಗ ಗಂಟೆಗೆ 25 ಕಿ.ಮೀ. ಒಳಗೆ ಇರುವ ಗಾಡಿಗಳಿಗೆ ನೋಂದಣಿಯೂ ಬೇಡ, ಲೈಸೆನ್ಸೂ ಬೇಡ. ಊರೊಳಗೆ ಬಸದಿಗೆ, ಕಿರಾಣಿ ಅಂಗಡಿಗೆ ಹೋಗಿ ಬರುವ ಹಿರಿಯರಿಗೆ ಇವು ಸಾಕು. ಆದರೆ ಕೊಳ್ಳೇಗಾಲದ ಮುಖ್ಯರಸ್ತೆಯಲ್ಲಿ ಲಾರಿಗಳ ನಡುವೆ 25ರ ವೇಗದಲ್ಲಿ ಹೋಗುವುದು ಅಪಾಯ. ಇವುಗಳಲ್ಲಿ ಹಲವಕ್ಕೆ ಸೀಸದ ಹಳೆಯ ಬಗೆಯ ಬ್ಯಾಟರಿ ಇರುತ್ತದೆ. ಭಾರ ಹೆಚ್ಚು, ಒಂದೆರಡು ವರ್ಷಕ್ಕೇ ಬದಲಿಸಬೇಕಾಗುತ್ತದೆ. ವೇಗದ ಮಿತಿ ತೆಗೆದುಕೊಡುತ್ತೇವೆ ಎನ್ನುವ ವ್ಯಾಪಾರಿಯ ಮಾತಿಗೆ ಒಪ್ಪಲೇಬಾರದು. ಮಿತಿ ತೆಗೆದ ಕ್ಷಣದಿಂದ ಅದು ನೋಂದಣಿಯಿಲ್ಲದ ಮೋಟಾರು ವಾಹನ. ಅಪ್ರಾಪ್ತ ಮಕ್ಕಳು ಮೋಟಾರು ವಾಹನ ಓಡಿಸಿ ಸಿಕ್ಕಿಬಿದ್ದರೆ 2019ರ ತಿದ್ದುಪಡಿಯಂತೆ ಪೋಷಕರಿಗೆ 25,000 ರೂ. ದಂಡ, ಮೂರು ವರ್ಷದವರೆಗೆ ಜೈಲು.

ನೋಂದಣಿಯಾಗುವ, ಹಸಿರು ನಂಬರ್ ಪ್ಲೇಟಿನ ಸ್ಕೂಟರುಗಳಲ್ಲಿ ಆಯ್ಕೆಗೆ ಬರವಿಲ್ಲ. ಬೆಂಗಳೂರಿನದೇ ಆದ ಏಥರ್ ಕಂಪನಿಯನ್ನು 2013ರಲ್ಲಿ ಐಐಟಿ ಮದ್ರಾಸಿನಲ್ಲಿ ಓದಿದ ತರುಣ್ ಮೆಹ್ತಾ ಮತ್ತು ಸ್ವಪ್ನಿಲ್ ಜೈನ್ ಕಟ್ಟಿದರು. ಅದರ 450 ಸರಣಿ ವೇಗ ಬಯಸುವ ಯುವಕರದು, 2024ರಲ್ಲಿ ಬಂದ ರಿಜ್ತಾ ಅಗಲ ಸೀಟಿನ, ಸಾಮಾನು ಹಿಡಿಸುವ ಕುಟುಂಬದ ಗಾಡಿ. ಟಿವಿಎಸ್ ಐಕ್ಯೂಬ್ ಬೇರೆ ಬೇರೆ ಗಾತ್ರದ ಬ್ಯಾಟರಿಗಳಲ್ಲಿ ಸಿಗುವುದರಿಂದ ಓಡಾಟಕ್ಕೆ ತಕ್ಕಂತೆ ಆರಿಸಬಹುದು. ಬಜಾಜ್ ಚೇತಕ್ ಲೋಹದ ಮೈಯದು. ಹೀರೋ ವಿಡಾದ ಬ್ಯಾಟರಿಯನ್ನು ತೆಗೆದು ಮನೆಯೊಳಗೆ ಒಯ್ಯಬಹುದು, ಬೆಂಗಳೂರಿನ ಎರಡನೇ ಮಹಡಿಯ ಮಗನಿಗೆ ಅದು ಹೇಳಿ ಮಾಡಿಸಿದಂತೆ. ಅದರ ವಿಎಕ್ಸ್2 ಮಾದರಿಯಲ್ಲಿ ಬ್ಯಾಟರಿಗೆ ಬಾಡಿಗೆ ಕಟ್ಟುವ ಪದ್ಧತಿಯೂ ಇದೆ. ಗಾಡಿ ಅಗ್ಗವಾಗಿ ಕಂಡರೂ ಓಡಿಸಿದ ಪ್ರತಿ ಕಿ.ಮೀ.ಗೂ ಹಣ ಕಟ್ಟಬೇಕು, ಹೆಚ್ಚು ಓಡಿಸುವವರಿಗೆ ಅದು ಲಾಭವಲ್ಲ. ಹೋಂಡಾದ ಆಕ್ಟಿವಾ ಇ ಗೆ ಬ್ಯಾಟರಿ ಬದಲಿಸುವ ಕೇಂದ್ರಗಳೇ ಆಧಾರ. ಅವು ಇರುವ ದೊಡ್ಡ ನಗರಕ್ಕೆ ಸರಿ, ಲೊಕ್ಕನಹಳ್ಳಿಗೆ ಅಲ್ಲ.

ಹಳ್ಳಿಯವರಿಗೆ ಮಾದರಿಗಿಂತ ದೊಡ್ಡ ಪ್ರಶ್ನೆ ಸರ್ವಿಸ್. ಷೋರೂಂ ಇದ್ದ ಮಾತ್ರಕ್ಕೆ ಬ್ಯಾಟರಿ, ಮೋಟಾರ್ ರಿಪೇರಿ ಅಲ್ಲೇ ಆಗುತ್ತದೆ ಎಂದಲ್ಲ. ಕೆಟ್ಟರೆ ಯಾವ ಊರಿಗೆ ಒಯ್ಯಬೇಕು, ಒಯ್ಯುವ ಖರ್ಚು ಯಾರದು, ಬಿಡಿಭಾಗ ಎಷ್ಟು ದಿನಕ್ಕೆ ಬರುತ್ತದೆ ಎಂದು ಕೇಳಿ, ಅದೇ ಗಾಡಿಯನ್ನು ಒಂದು ವರ್ಷ ಓಡಿಸಿದ ಪರಿಚಯದವರೊಬ್ಬರನ್ನೂ ವಿಚಾರಿಸಬೇಕು. ಕಾಗದದ ಮೇಲೆ ಸ್ವಲ್ಪ ಹಿಂದಿರುವ ಗಾಡಿಯಾದರೂ ಕೊಳ್ಳೇಗಾಲದಲ್ಲೇ ರಿಪೇರಿ ಆಗುವುದಾದರೆ, ಮೈಸೂರಿಗೆ ಒಯ್ಯಬೇಕಾದ ಒಳ್ಳೆಯ ಗಾಡಿಗಿಂತ ಅದೇ ಉತ್ತಮ. ವಾರಂಟಿ ಸಾಮಾನ್ಯವಾಗಿ ಮೂರು ವರ್ಷ ಇರುತ್ತದೆ. ಕೆಲವು ಕಂಪನಿಗಳು ಬ್ಯಾಟರಿಗೆ 8 ವರ್ಷ ಅಥವಾ 80,000 ಕಿ.ಮೀ.ವರೆಗೆ ಕೊಡುತ್ತವೆ, ಅದಕ್ಕೆ ಬೇರೆ ಹಣ ಕೇಳಬಹುದು. ದಿನಕ್ಕೆ 50 ಕಿ.ಮೀ. ಓಡಿಸುವವರು ಆ ಹಣ ಕೊಡುವುದೇ ಸರಿ. ಅವರಿಗೆ 80,000 ಕಿ.ಮೀ. ಐದು ವರ್ಷ ದಾಟುವಷ್ಟರಲ್ಲೇ ಆಗಿಹೋಗುತ್ತದೆ ಎಂಬುದೂ ತಿಳಿದಿರಲಿ.

ಬೆಲೆ ಕೇಳುವಾಗ ಆನ್‌ರೋಡ್ ಬೆಲೆಯನ್ನೇ ಕೇಳಬೇಕು. ಜಾಹೀರಾತಿನ ಬೆಲೆಯಲ್ಲಿ ಚಾರ್ಜರ್, ವಿಮೆ, ಆ್ಯಪ್ ಸೌಲಭ್ಯದ ಪ್ಯಾಕ್ ಸೇರಿರದೇ ಇರಬಹುದು. ಪಿಎಂ ಇ-ಡ್ರೈವ್ ಯೋಜನೆಯ ಸಹಾಯಧನ 2024ರ ಅಕ್ಟೋಬರಿನಲ್ಲಿ ಒಂದು ಸ್ಕೂಟರಿಗೆ ಗರಿಷ್ಠ 10,000 ರೂ. ಇದ್ದದ್ದು 2025ರ ಏಪ್ರಿಲ್‌ನಿಂದ 5,000ಕ್ಕೆ ಇಳಿಯಿತು. ಆದ್ದರಿಂದ ಹಿಂದಿನ ವರ್ಷ ನೆಂಟರು ಕೊಂಡ ಬೆಲೆಯನ್ನು ಹಿಡಿದು ಚೌಕಾಸಿ ಮಾಡಿದರೆ ಹೊಂದುವುದಿಲ್ಲ. ಸಹಾಯಧನ ಸಿಗುವುದಾದರೆ ಬಿಲ್ಲಿನಲ್ಲೇ ಕಡಿತವಾಗಿ ಕಾಣಬೇಕು, ಆಮೇಲೆ ಖಾತೆಗೆ ಬರುತ್ತದೆ ಎಂಬ ಬಾಯಿಮಾತು ಸಲ್ಲದು.

ಮುಂಗಡ ಕೊಡುವ ಮೊದಲು ಟೆಸ್ಟ್ ರೈಡ್ ಕೇಳಿ ತೆಗೆದುಕೊಳ್ಳಬೇಕು. ಷೋರೂಮಿನ ಸುತ್ತ ಒಬ್ಬರೇ ಎರಡು ಸುತ್ತು ಹೊಡೆದರೆ ಏನೂ ತಿಳಿಯದು. ಮನೆಯವರನ್ನು ಹಿಂದೆ ಕೂರಿಸಿಕೊಂಡು, ಹತ್ತಿರದ ಒಂದು ಏರು ಹತ್ತಿ ಇಳಿದು, ಹತ್ತು ಕಿ.ಮೀ. ಓಡಿಸಿ, ಹೊರಡುವಾಗ ಚಾರ್ಜ್ ಶೇಕಡಾ ಎಷ್ಟಿತ್ತು, ಬಂದಾಗ ಎಷ್ಟಿದೆ ಎಂದು ಬರೆದುಕೊಳ್ಳಬೇಕು. ಹತ್ತು ಕಿ.ಮೀ.ಗೆ ಶೇ. 11 ಇಳಿದಿದ್ದರೆ ಪೂರ್ತಿ ಚಾರ್ಜಿಗೆ 90 ಕಿ.ಮೀ., ಶೇ. 15 ಇಳಿದಿದ್ದರೆ 66 ಕಿ.ಮೀ. ಮಾತ್ರ.