ಹಸಿರು ಮನುಷ್ಯನನ್ನು ಎಷ್ಟು ನಂಬಬೇಕು?

ಸಂಜೆ ಕೆಲಸ ಮುಗಿಸಿ ಬಸ್ಸು ಹಿಡಿಯುವ ಅವಸರದಲ್ಲಿ ರಸ್ತೆ ದಾಟುವವರೇ ನಮ್ಮ ವಾಚಕರಲ್ಲಿ ಹೆಚ್ಚು. ಅವರಿಗಾಗಿ ಈ ನಾಲ್ಕು ಮಾತು.

ಬರಿಯ ಬಿಳಿ ಪಟ್ಟೆಗಳಿರುವಲ್ಲಿ ಗಾಡಿ ನಿಂತುದನ್ನು ಕಂಡೇ ಹೆಜ್ಜೆಯಿಡಬೇಕು. ಚೌಕಗಳಲ್ಲಿ ಹಸಿರು ಮನುಷ್ಯನ ದೀಪವಿದ್ದರೂ ಎಡಕ್ಕೆ ತಿರುಗುವ ವಾಹನಗಳು ಬಹಳ ಕಡೆ ನಿಲ್ಲುವುದಿಲ್ಲ; ಅಪಾಯವಿರುವುದು ಅಲ್ಲಿ. ತಿರುವಿಲ್ಲದ ನೇರ ರಸ್ತೆಯಲ್ಲಿ, ಗುಂಡಿ ಒತ್ತಿ ವಾಹನ ನಿಲ್ಲಿಸುವ ಪೆಲಿಕನ್ ದೀಪ ಇದಕ್ಕಿಂತ ಮೇಲು. ಬ್ರಿಟನ್ನಿನಲ್ಲಿ 1969ರಲ್ಲಿ ಬಂದ ಇದು 2023ರಲ್ಲಿ ನಮ್ಮ ಟ್ಯಾಂಕ್‌ಬಂಡಿಗೂ ಬಂದಿತು. ಆದರೆ ಒತ್ತಿದೊಡನೆ ದೀಪ ಬದಲಾಗದು. ಒತ್ತಿ, ಕಾಯದೆ ಓಡುವವರನ್ನು ನಾವು ಕಂಡಿದ್ದೇವೆ!

ಕಾಲದ ಲೆಕ್ಕವೂ ಉಂಟು. ಸೆಕೆಂಡಿಗೆ 1.2 ಮೀಟರು ನಡೆಯುವವನು 18 ಮೀಟರಿನ ರಸ್ತೆಯನ್ನು 15 ಸೆಕೆಂಡಿನಲ್ಲಿ ದಾಟುವನು, 0.9 ಮೀಟರು ನಡೆಯುವ ಮುದುಕಿಗೆ 20 ಬೇಕು. ಆದುದರಿಂದ ಹಸಿರು ದೀಪ ಮಿಣುಕತೊಡಗಿದ ಮೇಲೆ ಹೊಸದಾಗಿ ರಸ್ತೆಗಿಳಿಯಬಾರದು. ನಡುವೆ ಇರುವವರು ದಾಟಿ ಮುಗಿಸಬೇಕು. ದಾಟುವವರನ್ನು ತಾನೇ ಗುರುತಿಸಿ ಕಾಲವನ್ನು ಹಿಗ್ಗಿಸುವ ಪಫಿನ್ ಎಂಬ ದೀಪವೂ ಬ್ರಿಟನ್ನಿನಲ್ಲಿದೆ. ಇಲ್ಲಿಯಾದರೋ, ಊರಿನಿಂದ ತಾಯಿ ಬಂದಾಗ ಅವರ ನಡಿಗೆಗೆ ಎಷ್ಟು ಸೆಕೆಂಡು ಬೇಕೆಂದು ನಾವೇ ಒಮ್ಮೆ ಎಣಿಸಿ ನೋಡಿಕೊಳ್ಳಬೇಕು.